ಸಂಜೆಗೆ ಉಳಿಯಬೇಕಾದ ವಾಸನೆ

ನಂಜನಗೂಡು
ಗುರುವಾರ, 21-11-2024

ಪ್ರೀತಿಯ ಇಂದ್ರಾಣಕ್ಕ,

ಫೋನ್ ಇರುವಾಗ ಕಾಗದ ಬಂತೆಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಫೋನಿನಲ್ಲಿ ಕಳಿಸಲು ಆಗದ್ದೊಂದು ಇದರ ಜೊತೆಗಿದೆ.

ತಾಂಡ್ಯದ ಕಾರ್ಖಾನೆಯಲ್ಲಿ ನಾನು ಸೆಂಟು ಬಾಟಲಿ ತುಂಬುತ್ತೇನೆಂದೇ ನೀನು ನರಸೀಪುರದಲ್ಲೆಲ್ಲ ಹೇಳಿಕೊಂಡು ಬಂದಿದ್ದೀಯ. ನನ್ನ ಕೆಲಸ ಮೂಸುವುದು. ಕಾಗದದ ಪಟ್ಟಿಯನ್ನು ಸೆಂಟಿನಲ್ಲಿ ಅದ್ದಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಆಗಾಗ ಮೂಸಿ, ಸರಿಯಿದೆಯೋ ಇಲ್ಲವೋ ಹೇಳುವುದು. ಅದಕ್ಕೇ ನಾನು ಹೂ ಮುಡಿಯುವುದಿಲ್ಲ, ಪೌಡರ್ ಹಚ್ಚುವುದಿಲ್ಲ.

ಈಗ ಹೊಸದೊಂದು ಬಂದಿದೆ, ದೊಡ್ಡ ಡಿಸೈನರ್ ಹೆಸರಿನ ಗಂಡಸರ ಸೆಂಟು. ಅದ್ದಿದ ಕೂಡಲೇ ಗಜನಿಂಬೆಯ ಸಿಪ್ಪೆ ಹಿಂಡಿದ ಹಾಗೆ ಮೂಗಿಗೆ ಹೊಡೆಯುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ನಿಂಬೆ ಇಳಿದು ಹಸಿ ಶುಂಠಿ, ಕಾಳುಮೆಣಸು. ಸಂಜೆಗೆ ಅವೂ ಹೋಗಿ, ಆಗತಾನೆ ಕೊಯ್ದ ಮರದ ವಾಸನೆ, ಅದರಡಿ ತೆಳ್ಳಗೆ ಲಾವಂಚ ಉಳಿಯಬೇಕಂತೆ.

ನನಗೆ ಸಂಜೆ ಏನೂ ಬರುತ್ತಿಲ್ಲ. ಬರೀ ಕಾಗದ.

ಹೋದ ತಿಂಗಳ ಜ್ವರದಲ್ಲಿ ಮೂಗು ಕೆಟ್ಟಿತೋ, ಸೆಂಟೇ ಸರಿಯಿಲ್ಲವೋ ತಿಳಿಯದು. ಹೋಲಿಸಲು ಹಳೆಯ ಬಾಟಲಿಯಿಲ್ಲ. ಮೂಸುವ ಇನ್ನೊಬ್ಬಳು, ರೋಜಾ, ಬಾಣಂತನಕ್ಕೆ ಹೋಗಿದ್ದಾಳೆ. ಮೊನ್ನೆ ಜಗುಲಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಇವರು ಬಂದವರೇ, “ಅನ್ನ ಸೀದೋಗೈತಲ್ಲಮ್ಮಿ, ಮೂಗೆಲ್ ಇಟ್ಟಿದ್ದೀಯೆ?” ಎಂದರು. ನನಗೆ ಸೀದ ವಾಸನೆಯೇ ಬಂದಿರಲಿಲ್ಲ. ಅವತ್ತಿನಿಂದ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ಹೋಗಿ ನೋಡುತ್ತೇನೆ. ಗಂಧದ ಸೋಪು ಮೂಸಿದೆ, ಗಂಧ ಬಂತು. ಆದರೆ ನಿಜವಾಗಿ ಬಂತೋ, ಗಂಧದ ಸೋಪೆಂದು ಗೊತ್ತಿದ್ದರಿಂದ ಬಂದಂತಾಯಿತೋ?

ನಮ್ಮ ಸೂಪರ್‌ವೈಸರ್ ಮಹಾದೇವಸ್ವಾಮಿ ಇವತ್ತು, “ಏನ್ ರುದ್ರಾಣಮ್ಮ, ಕಣ್ಮುಚ್ಕಂಡ್ ನಿಂತಿದ್ದೀರಿ, ನಂಜುಂಡಪ್ಪ ಪ್ರತ್ಯಕ್ಷ ಆದ್ನಾ?” ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕು, ಸೋಮವಾರ ಹೇಳುತ್ತೇನೆ ಅಂದೆ. ಮೂಗು ಹೋಗಿದೆಯೆಂದು ಗೊತ್ತಾದರೆ ಪ್ಯಾಕಿಂಗಿಗೆ ಹಾಕುತ್ತಾರೆ. ಇವರಿಗೆ ಹೇಳಿದರೆ ಕೆಲಸವನ್ನೇ ಬಿಡು ಅಂತಾರೆ. ಮೊದಲಿಂದಲೂ ಅದೇ ರಾಗ. ಹತ್ತನೇ ಕ್ಲಾಸು ಫೇಲಾದ ನನ್ನ ಮಾತಿಗೆ ನಾಲ್ಕು ಜನ ಕಾಯುವುದು ಆ ಮೇಜಿನ ಮುಂದೆ ಮಾತ್ರ, ಅಕ್ಕ.

ಅದಕ್ಕೇ ಈ ಹಾಳೆಯ ಕೆಳಮೂಲೆಗೆ ಆ ಸೆಂಟು ಹಚ್ಚಿದ್ದೇನೆ. ನಿನ್ನ ಕೈ ಸೇರುವಷ್ಟರಲ್ಲಿ ನಿಂಬೆ, ಶುಂಠಿ ಎಲ್ಲ ಹಾರಿಹೋಗಿರುತ್ತವೆ. ಉಳಿದರೆ ಮರವೇ ಉಳಿಯಬೇಕು. ಮೂಸಿ ಹೇಳು. ಏನೂ ಇಲ್ಲವೆಂದರೆ ನಾನು ಬದುಕಿದೆ: ಸೆಂಟು ಕೆಟ್ಟಿದೆ, ಮೂಗು ಚೆನ್ನಾಗಿದೆ.

ಫೋನಿನ ಪಕ್ಕದಲ್ಲೇ ಕೂತಿರುವ ನಿನ್ನ ತಂಗಿ,
ರುದ್ರಾಣಿ

ತಾ.ಕ.: ಬೇಡ ಅಕ್ಕ, ನೀನು ಮೂಸಬೇಡ. ನಾನು ಅಳುತ್ತೇನೆಂದು ನೀನು ಏನೂ ಇಲ್ಲವೆಂದೇ ಹೇಳುತ್ತೀಯ. ಮೂಲೆಯನ್ನು ಹರಿದು ಪಕ್ಕದ ಮನೆಯ ದೇವೀರಮ್ಮಜ್ಜಿಗೆ ಕೊಡು. ಏನು, ಎತ್ತ ಅಂತ ಹೇಳಬೇಡ. ಅಜ್ಜಿ ಮರ ಅಂದರೆ, ನನಗೂ ಮರ ಅಂತಲೇ ಹೇಳು.