ಮೊದಲು ಇತಿಹಾಸದ ಪಾಠ

ಬೆಹಾಲಾ, ಕೋಲ್ಕತ್ತ
12 ಫೆಬ್ರವರಿ 2006, ಭಾನುವಾರ

ಪೂರ್ವಿಯ ಅಪ್ಪನಿಗೆ ಮನೋರಮಾಳ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಅಗರ್ತಲಾದ ಚಳಿ ಇಳಿಯಿತೇ? ಬ್ಯಾಂಕಿನ ಗೆಸ್ಟ್‌ಹೌಸಿನ ಅಡುಗೆಯವನು ಸಾರಿಗೂ ಸಾಸಿವೆ ಎಣ್ಣೆಯ ಒಗ್ಗರಣೆ ಕೊಡುತ್ತಾನೆಂದು ಬರೆದಿದ್ದಿರಿ. ನಾನು ಕಳಿಸಿದ ಕೊಬ್ಬರಿ ಎಣ್ಣೆ ಅದಕ್ಕೇ, ತಲೆಗೆ ಹಚ್ಚಿ ಮುಗಿಸಬೇಡಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ‘ಕಂಪ್ಯೂಟರ್ ಕೆಟ್ಟಿತ್ತು, ಈಗ ಸರಿಯಾಯಿತು’ ಎಂದಷ್ಟೇ ಹೇಳಿದೆ. ನೀವು ‘ಯಾರು ಸರಿ ಮಾಡಿದ್ದು?’ ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು. ಅದನ್ನು ಹೇಳದೆ ನನಗೆ ಹೊಟ್ಟೆ ಉಬ್ಬರಿಸಿದ ಹಾಗಾಗಿದೆ. ನಾನೇ ಸರಿ ಮಾಡಿದ್ದು.

ಮೇಲಿನ ಮಹಡಿಯ ಶ್ಯಾಮಲೀದಿ ಕಣ್ಣು ಕಾಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡುವುದು ನಿಮಗೆ ಗೊತ್ತು. ಈ ಸಲ ಮಾರ್ಚಿನ ಪರೀಕ್ಷೆಗೆ ಬೇಕಾದ ಬ್ರೈಲ್ ಪುಸ್ತಕಗಳು ಅರ್ಧ ವರ್ಷ ಕಳೆದರೂ ಬರಲಿಲ್ಲ. ಅದಕ್ಕೇ ದುರ್ಗಾಪೂಜೆಯ ರಜೆಯಿಂದ ನಮ್ಮ ಕಟ್ಟಡದ ಹೆಂಗಸರೆಲ್ಲ ನಮ್ಮ ಮನೆಗೆ ಬಂದು ಮೈಕಿನ ಮುಂದೆ ಕುಳಿತು ಪಠ್ಯಪುಸ್ತಕ ಓದಿದ್ದು. ‘ನಮ್ಮ ಹಾಲ್ ಆಕಾಶವಾಣಿ ಆಯಿತಾ?’ ಎಂದು ನೀವು ತಮಾಷೆ ಮಾಡಿದ್ದಿರಿ. ಭೂಗೋಳದಲ್ಲಿ ನದಿಗಳ ಅಧ್ಯಾಯ ನನ್ನ ಪಾಲಿಗೆ ಬಂದಿತ್ತು. ಶ್ಯಾಮಲೀದಿ ಮಾದರಿಗೆಂದು ಅದರ ಒಂದು ತುಣುಕನ್ನು ಶಾಲೆಯಲ್ಲಿ ಕೇಳಿಸಿದ್ದರು. ನನ್ನ ಬಾಂಗ್ಲಾ ಕೇಳಿದರೆ ಹುಡುಗಿಯರಿಗೆ ನಗು ಬರುತ್ತದಂತೆ, ಆದರೆ ಓದಿದ್ದು ಮರೆಯುವುದಿಲ್ಲವಂತೆ. ಎಲ್ಲ ಮುಗಿದ ಮೇಲೆ ಒಟ್ಟಿಗೇ ಕ್ಯಾಸೆಟ್ಟಿಗೆ ಹಾಕೋಣವೆಂದು ಧ್ವನಿಯೆಲ್ಲವನ್ನೂ ಕಂಪ್ಯೂಟರಿನಲ್ಲೇ ಇಟ್ಟಿದ್ದೆವು.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಅದು ಶುರುವಾಗುವ ಮೊದಲೇ ನೀಲಿ ಪರದೆ ತೋರಿಸಿ, ಡಿಸ್ಕ್ ಪರೀಕ್ಷೆ ಮಾಡುತ್ತೇನೆ ಎಂದಿತು. ಮಾಡಲಿ ಎಂದು ಬಿಟ್ಟೆ. ಅರ್ಧಕ್ಕೆ ನಿಂತಿತು. ಆರಿಸಿ ಮತ್ತೆ ಹಚ್ಚಿದೆ. ಈ ಸಲ ಇನ್ನೂ ಬೇಗ ನಿಂತಿತು, ಜೊತೆಗೆ ಒಳಗಿನಿಂದ ಕಟಕ್ ಕಟಕ್ ಎಂಬ ಸದ್ದು. ‘ಇನ್ನೊಮ್ಮೆ ಮಾಡಿ ನೋಡು’ ಎಂದು ಎಲ್ಲರೂ ಹೇಳಿದರು, ಮಾಡಿದೆ. ನನಗೇಕೋ ಅನುಮಾನ ಬಂತು. ಪ್ರತಿ ಪರೀಕ್ಷೆಗೂ ಸದ್ದು ಜೋರಾಗುತ್ತಿತ್ತು. ಜ್ವರ ಬಂದವನನ್ನು ಮತ್ತೆ ಮತ್ತೆ ಮಹಡಿ ಹತ್ತಿಸಿ ಆರೋಗ್ಯ ನೋಡಿದ ಹಾಗಾಗಲಿಲ್ಲವೇ ಇದು? ವಯರು ಕಿತ್ತು ಬದಿಗಿಟ್ಟೆ. ಸೈಬರ್ ಕೆಫೆಗೆ ಹೋಗಿ ಓದಿದಾಗ ನನ್ನ ಅನುಮಾನ ನಿಜವೇ ಆಯಿತು: ಸಾಯುತ್ತಿರುವ ಡಿಸ್ಕಿಗೆ ಮೊದಲು ರಿಪೇರಿ ಮಾಡಬಾರದು, ಇರುವುದನ್ನು ಹೊರಗೆ ತೆಗೆಯಬೇಕು.

ಮಾರ್ಕೆಟ್ ಹತ್ತಿರದ ಅಂಗಡಿಯ ಇಂಜಿನಿಯರ್ ನೇರವಾಗಿಯೇ ಹೇಳಿದ. ‘ಬೌದಿ, ಕಂಪ್ಯೂಟರ್ ಬೇಕಾದ್ರೆ ಹೊಸ ಡಿಸ್ಕ್ ಹಾಕಿ ಕೊಡ್ತೇನೆ. ಹಳೇದರ ಒಳಗಿನ ಧ್ವನಿ ಬೇಕಾದ್ರೆ ಬೊಂಬಾಯಿಗೆ ಕಳಿಸ್ಬೇಕು. ನಾನು ಕೈ ಹಾಕಿ ಹೋಯ್ತು ಅಂದ್ರೆ ಆ ಮಕ್ಕಳಿಗೆ ಏನು ಹೇಳ್ಲಿ?’ ಬೊಂಬಾಯಿಯಿಂದ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತಿತ್ತು. ಶ್ಯಾಮಲೀದಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಹೊಸ ಡಿಸ್ಕ್ ಹಾಕಿಸಿಕೊಂಡು, ಹಳೆಯದನ್ನು ಎರಡನೆಯದಾಗಿ ಜೋಡಿಸುವುದು ಹೇಗೆಂದು ಅವನಿಂದ ಕೇಳಿಕೊಂಡು, ನಾನು ಮನೆಗೆ ಬಂದೆ.

ಬಳೆ ಬಿಚ್ಚಿಟ್ಟೆ. ಪೂರ್ವಿ ‘ಅಮ್ಮಾ, ಆರ್ ಯೂ ಶೂರ್?’ ಎಂದಳು. ‘ಶೂರ್ ಇಲ್ಲ, ಆದ್ರೆ ಸುಮ್ನೆ ಕೂತ್ರೆ ಎಂತ ಆಗ್ತದೆ?’ ಎಂದೆ. ಇದು ಎರಡನೆಯ ಡಿಸ್ಕ್ ಎಂದು ಕಂಪ್ಯೂಟರಿಗೆ ತಿಳಿಸಲು, ಹಳೆಯದರ ಹಿಂಬದಿಯಲ್ಲಿದ್ದ ಬೆಂಕಿಕಡ್ಡಿಯ ತಲೆಗಿಂತ ಸಣ್ಣ ಬಿರಡೆಯೊಂದನ್ನು ಹುಬ್ಬು ಕೀಳುವ ಚಿಮಟದಲ್ಲಿ ಎತ್ತಿ ಪಕ್ಕದ ಲೋಹದ ಮುಳ್ಳಿಗೆ ಹಾಕಿದೆ. ಹಚ್ಚಿದೆ. ಹಳೆಯ ಡಿಸ್ಕ್ ಕಾಣಿಸಿತು! ಆದರೆ ಅದು ಎಷ್ಟು ಹೊತ್ತು ಉಸಿರಾಡುತ್ತದೋ ಗೊತ್ತಿಲ್ಲ. ಯಾವುದನ್ನು ಮೊದಲು ಎತ್ತಿಕೊಳ್ಳುವುದು? ಶ್ಯಾಮಲೀದಿ ಶಾಲೆಗೆ ಫೋನು ಹಚ್ಚಿ ಝುಮಾ ಎಂಬ ಹುಡುಗಿಯನ್ನು ಕೇಳಿದರು. ಅವಳು ಯೋಚಿಸಲೂ ಇಲ್ಲ. ‘ಮೊದಲು ಇತಿಹಾಸ. ಭೂಗೋಳ ಕ್ಲಾಸಲ್ಲಿ ಕೇಳಿದ್ದು ಸ್ವಲ್ಪ ನೆನಪಿದೆ’ ಎಂದಳು.

ಒಂದೊಂದೇ ಅಧ್ಯಾಯ ತೆಗೆದೆ. ಕಟಕ್ ಎಂದಾಗ ಆರಿಸಿ ತಣ್ಣಗಾಗಲು ಬಿಟ್ಟೆ, ಮತ್ತೆ ಹಚ್ಚಿದೆ. ಓದಲಾಗದ್ದನ್ನು ಬಿಟ್ಟು ಮುಂದಿನದಕ್ಕೆ ಹೋದೆ. ಕೆಳಗಿನ ಮನೆಯ ಹೆಂಗಸರೆಲ್ಲ ಬಂದು ಬಾಗಿಲಲ್ಲಿ ಹೆರಿಗೆಗೆ ಕಾದ ಹಾಗೆ ನಿಂತಿದ್ದರು. ಇತಿಹಾಸ ಪೂರ್ತಿ ಬಂತು. ಭೂಗೋಳವೂ ಬಹುಪಾಲು ಬಂತು. ಕೊನೆಗೆ ನನ್ನ ನದಿಗಳು ಬರುತ್ತಿರುವಾಗ ಡಿಸ್ಕ್ ಒಮ್ಮೆ ಕಿರುಗುಟ್ಟಿ ನಿಂತುಬಿಟ್ಟಿತು. ಮತ್ತೆ ಏಳಲಿಲ್ಲ. ಪೂರ್ವಿ ಹೆಮ್ಮೆಯಿಂದ ನನ್ನ ಮುಖ ನೋಡಿ, ಕೊರಳಿಗೆ ಜೋತುಬಿದ್ದಳು. ಮಗಳು ಹಿಂದೆಂದೂ ನನ್ನನ್ನು ಹಾಗೆ ನೋಡಿದ್ದು ನನಗೆ ನೆನಪಿಲ್ಲ.

ಈಗ ಬೇಸರದ ಮಾತು. ನಮ್ಮ ಪುರಿಯ ಫೋಟೋಗಳೂ ಅದರಲ್ಲೇ ಇದ್ದವು. ಅತ್ತೆ ಅಲೆಗೆ ಹೆದರಿ ನಿಮ್ಮ ಅಂಗಿ ಹಿಡಿದು ನಿಂತದ್ದು, ನೀವು ನಕ್ಕದ್ದು, ಎಲ್ಲ. ಅವನ್ನು ನಾನು ಪಾಠಗಳ ಹಿಂದೆ ಇಟ್ಟೆ, ತಿಳಿದೇ ಇಟ್ಟೆ. ಮೊದಲು ಅತ್ತೆಗೇ ಕುಂದಾಪುರಕ್ಕೆ ಫೋನು ಮಾಡಿ ಹೇಳಿದೆ. ಅವರು, ‘ಸಮುದ್ರ ಅಲ್ಲೇ ಉಂಟಲ್ಲ ಮಾರಾಯ್ತಿ, ಎಲ್ಲಿಗ್ ಹೋತ್ತ್? ಮಕ್ಳ್ ಪರೀಕ್ಷೆ ಕಾಯ್ತದಾ?’ ಎಂದರು. ನಿಮ್ಮದೂ ಅದೇ ಮಾತೆಂದು ನಂಬಿದ್ದೇನೆ.

ನಿನ್ನೆ ಶಾಲೆಗೆ ಹೋಗಿ ನದಿಗಳ ಅಧ್ಯಾಯವನ್ನು ಹುಡುಗಿಯರ ಮುಂದೆಯೇ ಓದಿದೆ. ಈ ಸಲ ನಗೆಪಾಟಲಾಗಬಾರದೆಂದು ಬಂಗಾಳಿಗಳ ಹಾಗೆ ‘ನೋದಿ, ನೋದಿ’ ಎಂದು ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಝುಮಾ ಕೈಯೆತ್ತಿ ನಿಲ್ಲಿಸಿದಳು. ‘ಮಾಶಿ, ನಿಮ್ಮ ಹಾಗೆ ನದಿ ಅನ್ನಿ. ಇದು ಬೇರೆ ಯಾರೋ ಓದಿದ ಹಾಗಿದೆ!’ ಕ್ಲಾಸಿಡೀ ನಕ್ಕಿತು, ನಾನೂ ನಕ್ಕೆ. ಈ ಊರಿಗೆ ಬಂದಂದಿನಿಂದ ನಾಲಿಗೆ ಮುದುಡಿಕೊಂಡೇ ಮಾತಾಡಿದವಳು ನಾನು. ನಿನ್ನೆ ಗಂಟಲು ಬಿಟ್ಟು ಓದಿದೆ.

ಪೂರ್ವಿ ನಿಮಗೆ ಮುತ್ತು ಕಳಿಸಿದ್ದಾಳೆ. ರಾತ್ರಿ ಮಫ್ಲರ್ ಇಲ್ಲದೆ ಹೊರಗೆ ಹೋಗಬೇಡಿ. ದೇವರು ನಿಮ್ಮನ್ನು ಆರೋಗ್ಯವಾಗಿಟ್ಟಿರಲಿ.

ನಿಮ್ಮ
ಮನೋರಮಾ

ತಾ.ಕ. (ಸೋಮವಾರ ಬೆಳಿಗ್ಗೆ): ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶಾಲೆಯವರು ಧ್ವನಿ ಪುಸ್ತಕಗಳಿಗೆಂದೇ ಒಂದು ಕೋಣೆ ಮಾಡುತ್ತಿದ್ದಾರೆ. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಕೊಟ್ಟಿದ್ದಾರೆ, ಸಂಬಳದ ಕೆಲಸ. ನಿಮ್ಮನ್ನು ಕೇಳುವ ಮೊದಲೇ ಹ್ಞೂಂ ಎಂದಿದ್ದೇನೆ. ಆದ್ದರಿಂದ ಏಪ್ರಿಲ್‌ನಲ್ಲಿ ಈ ಮನೆ ಬಿಟ್ಟು ನಾವು ಅಗರ್ತಲಾಕ್ಕೆ ಬರುವುದಿಲ್ಲ. ನೀವೇ ಕೋಲ್ಕತ್ತಕ್ಕೆ ವರ್ಗ ಕೇಳಿ.