ಕ್ರೇನಿನ ಮೇಲಿನ ಉಪವಾಸ

ಮಾರ್ಚ್ ೧೪, ಭಾನುವಾರ

ಮಗಳೇ,

ಹೇಗಿದ್ದೀಯ? ಅಳಿಯಂದಿರು ಹೇಗಿದ್ದಾರೆ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೈಯಬೇಡ. ಅರ್ಧ ಬರೆದು ಹರಿದು ಹಾಕಿದ್ದೇ ಹೆಚ್ಚು. ಈ ಸಲ ಪೂರ್ತಿ ಬರೆದೇ ಏಳುತ್ತೇನೆ, ಹೊಟ್ಟೆ ಬಿಟ್ಟರೆ.

ನಿನ್ನ ಮದುವೆಗೆ ಮುಂಚೆ ಪಿತ್ತಕೋಶದ ಆಪರೇಷನ್ ಆಯಿತಲ್ಲ, ಆಮೇಲೆ ಆರಾಮಾಗಿದ್ದೇನೆ ಎನ್ನುತ್ತಾ ಬಂದದ್ದೆಲ್ಲ ಸುಳ್ಳು. ಕಲ್ಲಿನ ಜೊತೆ ಕೋಶವೂ ಹೋಯಿತು, ಕಾಟ ಮಾತ್ರ ಉಳಿಯಿತು. ಏನು ತಿಂದರೂ ಸ್ವಲ್ಪ ಹೊತ್ತಿಗೇ ಓಡಬೇಕು. ನನ್ನ ಕೆಲಸವೋ ಆಕಾಶದಲ್ಲಿ. ಕ್ರೇನಿನ ಏಣಿ ನೋಡಿದರೇ ತಲೆ ತಿರುಗುತ್ತದೆ ಎನ್ನುತ್ತಿದ್ದೆ ನೀನು ಚಿಕ್ಕವಳಿದ್ದಾಗ. ಹಾಗಾಗಿ ಕೆಲಸದ ದಿನ ಕೆಳಗಿಳಿಯುವವರೆಗೆ ಬಾಯಿಗೆ ಬೀಗ.

ಗುರುವಾರ ಆ ಬೀಗ ತೆಗೆದೆ. ಕಟ್ಟಡ ಕೊನೆಯ ಅಂತಸ್ತು ಮುಟ್ಟಿದ ಖುಷಿಗೆ ಮೇಸ್ತ್ರಿ ಎಲ್ಲರಿಗೂ ತಿಂಡಿ ತರಿಸಿದ್ದ, ಬೇಡ ಎಂದರೆ ಕೇಳಬೇಕಲ್ಲ. ತಿಂದು ಹತ್ತಿದೆ. ಕಬ್ಬಿಣದ ಕಂಬಿಗಳ ಕಟ್ಟು ಗಾಳಿಯಲ್ಲಿದ್ದಾಗ ಹೊಟ್ಟೆ ಹಿಂಡಿತು. ಕೆಳಗೆ ಜನ. ಕೈ ನಡುಗಿದರೆ ಕಟ್ಟು ತೂಗುತ್ತದೆ, ಅವಸರ ಮಾಡಿದರೆ ಇನ್ನೂ ತೂಗುತ್ತದೆ. ಹಲ್ಲು ಕಚ್ಚಿಕೊಂಡು ಇಂಚಿಂಚಾಗಿ ಇಳಿಸಿದೆ. ಅದು ನೆಲ ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಮಾನ ಏಣಿಯಲ್ಲೇ ಹೋಯಿತು.

ಕೆಳಗೆ ನಿಂತು ಸೀಟಿ ಊದಿ ನನಗೆ ಸನ್ನೆ ಮಾಡುವ ಗೆಳೆಯ, ಎಲ್ಲರೂ ಸೀಟಿ ಎಂದೇ ಕರೆಯುತ್ತಾರಲ್ಲ, ಅವನೇ ತನ್ನ ಅಂಗಿ ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿದ. ನಗಲಿಲ್ಲ. “ಹೊಟ್ಟೆ ಸರಿ ಇಲ್ಲ ಅನ್ನೋಕೆ ಏನು ದಾಡಿ ನಿಂಗೆ? ಕೆಳಗೆ ನಿಂತಿರೋದು ನನ್ನ ತಲೆ ಕಣೋ,” ಎಂದ.

ಡಾಕ್ಟರ ಹತ್ತಿರ ಎಳೆದುಕೊಂಡು ಹೋದವನೂ ಅವನೇ. ಪಿತ್ತ ತುಂಬಿಡಲು ಕೋಶ ಇಲ್ಲದೆ ಅದು ಸದಾ ಕರುಳಿಗೆ ಇಳಿಯುತ್ತಿರುತ್ತದಂತೆ, ಕೆಲವರಿಗೆ ವರ್ಷಗಟ್ಟಲೆ ಹೀಗೇ ಆಗುತ್ತದಂತೆ. ನೀರಲ್ಲಿ ಕಲಸಿ ಕುಡಿಯುವ ಪುಡಿ ಕೊಟ್ಟಿದ್ದಾರೆ. ಅದು ನನಗೆ ಒಗ್ಗುತ್ತದೋ ಇಲ್ಲವೋ ತಿಳಿಯುವವರೆಗೆ ಕ್ರೇನ್ ಹತ್ತಬೇಡಿ ಎಂದರು. ನೆಲದ ಮೇಲೆ ಕೂತು, ಬೇರೆಯವನು ನನ್ನ ಕ್ರೇನ್ ತಿರುಗಿಸುವುದನ್ನು ನೋಡುತ್ತಿದ್ದೇನೆ. ತುಂಬಾ ಸಂಕಟವಾಗುತ್ತದೆ.

ಇಬ್ಬರೂ ಚೆನ್ನಾಗಿರಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ
ಅಪ್ಪ

ತಾ.ಕ.: ನಿನ್ನ ಮದುವೆಯ ಊಟಕ್ಕೆ ನಾನು ಕೂರಲಿಲ್ಲ. ನೀನೇ ತಟ್ಟೆ ಹಿಡಿದು ಬಂದರೂ ಬೇಡವೆಂದು ಹೊರಟುಹೋದೆ. ಅಪ್ಪನಿಗೆ ಹುಡುಗ ಹಿಡಿಸಲಿಲ್ಲ ಎಂದುಕೊಂಡೆ ನೀನು. ಅವತ್ತಿನಿಂದ ನೀನು ನಮ್ಮ ಮನೆಯಲ್ಲಿ ಒಂದು ತುತ್ತೂ ಮುಟ್ಟಿಲ್ಲ. ಹಿಡಿಸಿದ್ದ ಮಗಳೇ, ತುಂಬಾ ಹಿಡಿಸಿದ್ದ. ಬೀಗರೆದುರು ಪಂಕ್ತಿಯಿಂದ ಎದ್ದು ಓಡಬೇಕಾದೀತು ಎಂಬ ಹೆದರಿಕೆ, ಅಷ್ಟೇ. ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಮದುವೆಯ ದಿನ ಬಾಕಿ ಉಳಿದ ಊಟ ಬಡಿಸು. ಟಾಯ್ಲೆಟ್ಟಿನ ಹತ್ತಿರದ ಕುರ್ಚಿ ಮಾತ್ರ ನನಗಿರಲಿ.