ಮೂರನೇ ಪಟ್ಟಿಯ ಮಣ್ಣು

ಕಮತಗಿ,
ಮಾರ್ಗಶಿರ ಶುದ್ಧ ಸಪ್ತಮಿ, ಡಿಸೆಂಬರ್ ೧೯೧೨

ಚಿರಂಜೀವಿ ದತ್ತೂಗ ನಿಮ್ಮಪ್ಪನ ಆಶೀರ್ವಾದ.

ಪುಣೇದ ಖಾನಾವಳಿ ಊಟಕ್ಕ ಹೊಟ್ಟಿ ಕೆಟ್ಟದ ಅಂತ ಬರದಿದ್ದಿ, ಈಗ ಹ್ಯಾಂಗದ? ಅಜವಾನ ಬಾಯಾಗ ಹಾಕ್ಕೊಂಡು ಬಿಸಿನೀರು ಕುಡಿ. ನಿಮ್ಮವ್ವನ ಕೆಮ್ಮು ಕಡಿಮಿ ಆಗ್ಯದ, ಮಾತು ಆಗಿಲ್ಲ. ನಾ ಸಾಲಿ ಬಿಟ್ಟು ಎರಡು ವರ್ಷಾತು, ಆದರೂ ನನ್ನ ಮೊಣಕಾಲು ಮಾಸ್ತರಿಕಿ ಬಿಟ್ಟಿಲ್ಲ. ಅವು ಕೂಡು ಅಂದಾಗ ಕೂಡಬೇಕು, ಏಳು ಅಂದಾಗ ಏಳಬೇಕು. ಹಿತ್ತಲದಾಚಿನ ಹೊಲದಾಗ ಬಿಳಿಜೋಳ ಹೊಡಿ ಹಿರದು ತೆನಿ ತೋರಸ್ಲಿಕ್ಕೆ ಹತ್ಯದ.

ನಿನ್ನ ಪತ್ರ ಸೋಮವಾರ ಬಂತು. ಪಡಸಾಲ್ಯಾಗ ಕೂತು ಎಲ್ಲಾರಿಗೂ ಕೇಳೋಹಂಗ ಓದಿದೆ. ನಮ್ಮ ಹೊಲದಾಗ ನೀ ಬ್ಯಾರೆ ಮಾಡಿ ಬಿಟ್ಟ ಮೂರು ಪಟ್ಟಿಯ ಮಣ್ಣು ತರಿಸಿಕೊಂಡು ಸುಟ್ಟು ತೂಗಿದಿ. ಮೂರು ವರ್ಷ ಏನೂ ಹಾಕದ ಪಟ್ಟಿಯೊಳಗೂ ಕಾರ್ಬನ್ನು ಕಡಿಮಿ ಆಗಿಲ್ಲ. (ನೀವು ಕಾರ್ಬನ್ನು ಅಂತೀರಿ, ನಾ ಮಣ್ಣಿನ ಕಸುವು ಅಂತೇನಿ.) ಎರಿ ಭೂಮಿಗೆ ಗೊಬ್ಬರದ ಹಂಗಿಲ್ಲ ಅಂತ ನಿಮ್ಮ ಕೃಷಿ ಖಾತೆಯ ಸಾಹೇಬ ಭಾಳ ಖುಷಿಯಾಗ್ಯಾನ, ಮುಂದಿನ ತಿಂಗಳು ನಿನ್ನ ಹೆಸರಿನ ಮ್ಯಾಲೆ ಅಚ್ಚು ಹಾಕಿಸಿ ರೈತರಿಗೆಲ್ಲಾ ಹಂಚತಾನ. ಆಮ್ಯಾಲೆ ನಿನ್ನ ನೌಕರಿ ಕಾಯಂ, ಇರಲಿಕ್ಕೆ ಮನಿ, ಸೊಸಿ ಮಥುರಾನ್ನ ಅಲ್ಲಿಗೆ ಕರಕೊಂಡು ಹೋಗೋದು. ನಾ ಓದಿ ಮುಗಸೋದರೊಳಗ ನಿಮ್ಮವ್ವ ಇಲಕಲ್ಲಿಗೆ ಸೀರಿ ಹೇಳಿ ಕಳಿಸ್ಯಾಳ. ನಾನೂ ಸುಮ್ಮನಿರಲಿಲ್ಲ, ಕಟ್ಟಿ ಮ್ಯಾಲೆ ಕೂತವರಿಗೆಲ್ಲಾ ಹೇಳಿದೆ.

ಹಿಗ್ಗದಾಕಿ ಮಥುರಾ ಒಬ್ಬಾಕಿ. ಮರುದಿನ ಹಿತ್ತಲದಾಗ ಬಿಸಿಲಿಗೆ ಕೂತಿದ್ದೆ, ಬಂದು ನಿಂತು, ಮೂರನೇ ಪಟ್ಟಿಗೆ ಗೊಬ್ಬರ ಬಿದ್ದದ ಅಂದಳು. ನನಗ ತಿಳೀಲೇ ಇಲ್ಲ. ಆಮ್ಯಾಲೆ ಬಿಡಿಸಿ ಹೇಳಿದಳು. ಮೊದಲನೇ ಪಟ್ಟಿಗೆ ತಿಪ್ಪಿ ಗೊಬ್ಬರ, ಎರಡನೇದಕ್ಕ ಸೆಣಬು ಬೆಳದು ಹಸಿ ಇದ್ದಾಗಲೇ ಮಣ್ಣಾಗ ಮುಚ್ಚೋದು, ಮೂರನೇದಕ್ಕ ಏನೂ ಕೊಡಬಾರದು ಅಂತ ಹೋಗೋಮುಂದ ನೀ ನನಗ ಹೇಳಿದಿ, ಹೊಲ ನೋಡಿಕೊಳ್ಳೋ ದುರಗವ್ವಗ ಹೇಳಿದಿ. ಯಾಕ ಅಂತ ಹೆಂಡತಿಗೆ ಹೇಳಲಿಲ್ಲ. ನಮ್ಮ ಮನೀ ರೀತಿ ನಿನಗ ಗೊತ್ತದ, ಒಂದು ಎಲಿಗೆ ತುಪ್ಪ ಬೀಳಲಿಲ್ಲ ಅಂದ್ರ ನಿಮ್ಮವ್ವ ಪಂಕ್ತಿಯವರನ್ನೆಲ್ಲಾ ಊಟ ನಿಲ್ಲಿಸಿ ಕೂಡಸ್ತಾಳ. ಆ ಪಟ್ಟಿಯ ಬಡಕಲು ಜೋಳ ನೋಡಿ ಈ ಹುಡುಗಿ ಅಮಾವಾಸಿಗೊಮ್ಮೆ ದುರಗವ್ವನ ಕೈಲೆ ತಿಪ್ಪಿಯಿಂದ ಬುಟ್ಟಿ ಹೊರಿಸಿ ಅಲ್ಲಿ ಚೆಲ್ಲಿಸ್ಯಾಳ. ನೀನೇ ಹೇಳಿ ಕಳಿಸಿರಬೇಕು ಅಂತ ದುರಗವ್ವ ಚೆಲ್ಯಾಳ. ನಿಮ್ಮವ್ವಗೂ ಗೊತ್ತಿತ್ತು, ಶಾಣ್ಯಾ ಸೊಸಿ ಅಂತ ಬೆನ್ನು ಚಪ್ಪರಿಸ್ಯಾಳ.

"ಒಂದೇ ಪಂಕ್ತಿಯೊಳಗ ಮೂರು ಎಲಿ ಹಾಕಿ ಒಂದಕ್ಕ ಬಡಸಬ್ಯಾಡ ಅಂದ್ರ ನನಗ ನೋಡ್ಲಿಕ್ಕೆ ಆಗಲಿಲ್ರಿ ಮಾವನವರ. ಅದು ಪರೀಕ್ಷಾ ಅಂತ ನನಗ್ಯಾರೂ ಹೇಳಲಿಲ್ಲ" ಅಂದಳು.

ನನಗ ಮೊದಲು ನಗು ಬಂತು, ಆಮ್ಯಾಲೆ ಸಿಟ್ಟು ಬಂತು. ಸಿಟ್ಟು ಆಕಿ ಮ್ಯಾಲಲ್ಲ.

ಸುಮ್ಮನಿದ್ದುಬಿಡ್ರಿ ಅಂತ ನಿಮ್ಮವ್ವನ ವಾದ. ಮಣ್ಣೇನು ಸಾಕ್ಷಿ ಹೇಳ್ತದ? ಹುಡುಗಿ ಮೊದಲು ಪುಣೇ ಸೇರಲಿ, ತಪ್ಪು ಆಮ್ಯಾಲೆ ತಿದ್ದಿದರಾತು. ಖರೆ ಹೇಳ್ತೇನಿ, ನನ್ನ ಮನಸ್ಸೂ ಅತ್ತ ಕಡೆ ವಾಲಿತ್ತು. ಬ್ಯಾಡ ಅಂದಾಕಿ ಮಥುರಾ. ಆ ಅಚ್ಚಿನ ಕಾಗದ ಕೇಳಿದವರೆಲ್ಲಾ ಇದ್ದ ಸೆಗಣೀನೂ ಕುಳ್ಳು ತಟ್ಟಿ ಒಲಿಗೆ ಹಾಕ್ತಾರ, ಹೊಲ ಉಪವಾಸ ಬೀಳ್ತಾವ, ಬರದು ಕಳಿಸ್ರಿ ಅಂದಳು. ಬರದರ ತನಗ ಏನು ತಪ್ಪತದ ಅನ್ನೋದು ಆಕಿಗೆ ಗೊತ್ತದ. ಗೊತ್ತಿದ್ದೇ ಹೇಳಿದಳು.

ಅದಕ್ಕ ಇದು ಕೈಗೆ ಬಂದ ದಿನಾನೇ ಸಾಹೇಬಗ ಹೇಳು. ನಿನ್ನ ತೂಕ ಖರೆ ಅದ, ಪಟ್ಟಿ ಮಾತ್ರ ಖೊಟ್ಟಿ. ಅಚ್ಚಿಗೆ ಹೋಗಗೊಡಬ್ಯಾಡ. ನೌಕರಿ ಕಾಯಂ ಆಗೋದು ಮುಂದ ಹೋಗ್ತದ, ನಿನಗ ಸಂಕಟ ಆಗ್ತದ. ನನಗೂ ಆಗ್ಯದ.

ಮೈ ಕಡೆ ಲಕ್ಷ್ಯ ಇರಲಿ. ನಿಮ್ಮವ್ವ ನಿನ್ನ ತಲಿ ಸವರೇನಿ ಅಂತ ಬರೀಲಿಕ್ಕೆ ಹೇಳ್ಯಾಳ.

ನಿನ್ನ ತಂದೆ,
ವಿಠ್ಠಲ

ತಾ.ಕ.: ಟಪಾಲು ಚೀಲ ಕಟ್ಟೋ ಹೊತ್ತಾತು. ಹೊಸಾ ಪಟ್ಟಿ ಹಾಕಿದರ ಮತ್ತ ಮೂರು ವರ್ಷ. ಅದಕ್ಕ ಯಾರೂ ಗೊಬ್ಬರ ಹಾಕದಂಗ ತಾನೇ ಕಾಯ್ತೇನಿ ಅಂತಾಳ ಮಥುರಾ. ಆಕಿ ಕಾಯೋದು ಬ್ಯಾಡ, ನಾ ಕಾಯ್ತೇನಿ. ಕಾಯಂ ಆಗಲಿ ಬಿಡಲಿ, ಒಂದು ಖೋಲಿ ಹಿಡಿ, ಸಂಕ್ರಮಣಕ್ಕ ಬಂದು ಆಕೀನ್ನ ಕರಕೊಂಡು ಹೋಗು. ಈ ಮಾತು ಹೊಡದು ಹಾಕ್ರಿ, ಅವರಿಗೆ ತ್ರಾಸಾಗ್ತದ ಅಂತ, ನಾ ಓದಿಕೋತ ಬರಿಯೋದು ಕೇಳಿ, ಆಕಿ ಬಾಗಿಲ ಹಿಂದಿಂದ ಅನ್ಲಿಕ್ಕೆ ಹತ್ಯಾಳ. ನಾ ಹೊಡದು ಹಾಕೂದಿಲ್ಲ.